ಸಕ್ಕರೆಯ ಗಿಳಿ

ಮಕರ ಸಂಕ್ರಾಂತಿಗೆ ಇನ್ನೂ ಹದಿನೈದು ದಿನಗಳಿರುವಾಗಲೇ ಮಂಡ್ಯ, ಮದ್ದೂರು, ಮಳವಳ್ಳಿಗಳ ಪೇಟೆಬೀದಿಗಳಲ್ಲಿ ಒಂದು ಹೊಸ ಪಕ್ಷಿಸಂಕುಲವು ಕಾಣಿಸಿಕೊಳ್ಳುತ್ತದೆ. ಅಂಗಡಿಗಳ ಮುಂದಿನ ತಟ್ಟೆಗಳಲ್ಲಿ ಗಿಳಿ, ನವಿಲು, ಹಂಸ, ಕೋಳಿ, ಬಾತುಗಳು ಸಾಲುಸಾಲಾಗಿ ಕುಳಿತಿರುತ್ತವೆ. ಅವುಗಳ ನೆರೆಯಲ್ಲಿ ಆನೆ, ಕುದುರೆ, ತುಳಸಿಕಟ್ಟೆ, ಕಲಶಗಳೂ ಉಂಟು. ಬಹುಪಾಲು ಹಾಲಿನಂತೆ ಬಿಳಿ. ಅಲ್ಲೊಂದು ಇಲ್ಲೊಂದು ಮಾತ್ರ ತಿಳಿಗೆಂಪು ಅಥವಾ ಹಳದಿ. ದೂರದಿಂದ ನೋಡುವವರಿಗೆ ಇವು ಪಿಂಗಾಣಿಯವೋ ಗಾಜಿನವೋ ಎನಿಸಬಹುದು. ನಾಲಗೆಗೆ ತಾಗಿಸಿದರೆ ಸಂದೇಹ ಕಳೆಯುತ್ತದೆ. ಅವು ಸಕ್ಕರೆಯವು. ಹಳೆಯ ಮೈಸೂರು ಸೀಮೆಯಲ್ಲಿ ಇವಕ್ಕೆ ‘ಸಕ್ಕರೆ ಅಚ್ಚು’ ಎಂದು ಹೆಸರು. ಎರಕ ಹೊಯ್ಯುವ ಮರದ ಸಾಧನವೂ ಅಚ್ಚೇ, ಅದರಿಂದ ಹೊರಬಂದ ಗಿಳಿಯೂ ಅಚ್ಚೇ. ಒಂದೇ ಪದ ತಾಯಿಗೂ ಮಗುವಿಗೂ ಸಲ್ಲುವ ಇಂಥ ಬಳಕೆ ಭಾಷೆಯಲ್ಲಿ ಅಪರೂಪವೇನಲ್ಲ.

ಈ ಹಕ್ಕಿಗಳು ಹುಟ್ಟುವುದು ಕೊಡುವುದಕ್ಕಾಗಿ. ಸಂಕ್ರಾಂತಿಯ ಸಂಜೆ ಹೆಣ್ಣುಮಕ್ಕಳು ಹೊಸ ಉಡುಪು ತೊಟ್ಟು, ಕೈಯಲ್ಲಿ ತಟ್ಟೆ ಹಿಡಿದು ಮನೆಯಿಂದ ಮನೆಗೆ ಹೋಗುತ್ತಾರೆ. ಇದನ್ನು ‘ಎಳ್ಳು ಬೀರುವುದು’ ಎನ್ನುತ್ತಾರೆ. ತಟ್ಟೆಯಲ್ಲಿ ಬಿಳಿಯ ಎಳ್ಳು, ಸಣ್ಣಗೆ ಹೆಚ್ಚಿದ ಬೆಲ್ಲ ಮತ್ತು ಕೊಬ್ಬರಿ, ಹುರಿದ ಕಡಲೆಕಾಯಿ ಬೀಜ, ಹುರಿಗಡಲೆಗಳು ಬೆರೆತಿರುತ್ತವೆ. ಬದಿಯಲ್ಲಿ ಕಬ್ಬಿನ ತುಂಡು, ಬಾಳೆಯ ಹಣ್ಣು, ಎಲೆ ಅಡಿಕೆ. ಎಲ್ಲಕ್ಕೂ ಮೇಲೆ ಒಂದೋ ಎರಡೋ ಸಕ್ಕರೆ ಅಚ್ಚು. ಕೊಟ್ಟ ಮನೆಯವರೂ ಬರಿಗೈಯಲ್ಲಿ ಕಳುಹಿಸುವುದಿಲ್ಲ. ತಮ್ಮ ಮನೆಯ ಎಳ್ಳನ್ನೂ ಅಚ್ಚನ್ನೂ ಅದೇ ತಟ್ಟೆಗೆ ಹಾಕುತ್ತಾರೆ. ಹತ್ತು ಮನೆ ತಿರುಗಿ ಬಂದ ಹುಡುಗಿಯ ತಟ್ಟೆಯಲ್ಲಿ ಹೊರಟಾಗ ಇದ್ದಷ್ಟೇ ಸಕ್ಕರೆ ಇರುತ್ತದೆ. ಲೆಕ್ಕ ಬಲ್ಲವರು ಇದರಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂದು ನಗಬಹುದು. ಆದರೆ ಹೋಗುವಾಗ ಇದ್ದ ಹತ್ತು ಗಿಳಿಗಳೂ ಒಂದೇ ಅಚ್ಚಿನವು; ಬರುವಾಗ ಇರುವ ಹತ್ತು ಹಕ್ಕಿಗಳು ಹತ್ತು ಕೈಗಳವು. ಯಾರ ಮನೆಯ ಅಚ್ಚು ಬೆಳ್ಳಗಿದೆ, ಯಾರದು ಕಂದಿದೆ, ಯಾರ ನವಿಲಿಗೆ ಗರಿಯ ಗೆರೆಗಳು ಚೆನ್ನಾಗಿ ಮೂಡಿವೆ, ಯಾರ ಹಂಸ ಕೊರಳು ಮುರಿದುಕೊಂಡಿದೆ ಎಂಬುದೆಲ್ಲ ಆ ರಾತ್ರಿ ಮನೆಯ ಹೆಂಗಸರ ಪರಾಮರ್ಶೆಗೆ ಬರುತ್ತದೆ. ಹೆಸರಿಲ್ಲದ ಈ ಪರೀಕ್ಷೆ ಬಹು ಕಟ್ಟುನಿಟ್ಟಾದುದು.

ಇದು ಹೆಚ್ಚಾಗಿ ಪೇಟೆಯ ಮನೆಗಳ ವಾಡಿಕೆ ಎಂಬುದನ್ನೂ ಹೇಳಬೇಕು. ಮಂಡ್ಯದ ಹಳ್ಳಿಗಳಲ್ಲಿ ಸಂಕ್ರಾಂತಿಯೆಂದರೆ ಮೊದಲು ನೆನಪಾಗುವುದು ರಾಸುಗಳು. ಅವುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಹುಲ್ಲಿನ ಬೆಂಕಿಯ ಮೇಲೆ ಕಿಚ್ಚು ಹಾಯಿಸುತ್ತಾರೆ. ಅಲ್ಲಿ ಎಳ್ಳಿನ ಜೊತೆ ಬೀರುವುದಕ್ಕೆ ಬೆಲ್ಲವೇ ಸಾಕು.

ಸಕ್ಕರೆಯಿಂದ ಆಕೃತಿಗಳನ್ನು ಮಾಡಿ ಹಂಚುವ ರೂಢಿ ಮಂಡ್ಯದ ಸೀಮೆಗಷ್ಟೇ ಸೇರಿದುದಲ್ಲ. ಹುಬ್ಬಳ್ಳಿ, ಗದಗ, ಬಾಗಲಕೋಟೆಗಳ ಕಡೆ ಕಾರ್ತಿಕ ಮಾಸದ ಗೌರಿ ಹುಣ್ಣಿಮೆಗೆ ಬಣ್ಣಬಣ್ಣದ ಸಕ್ಕರೆ ಆರತಿಗಳನ್ನು ಎರಕ ಹೊಯ್ಯುತ್ತಾರೆ. ಮದುವೆ ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಸೀರೆಯೊಡನೆ ಅವನ್ನು ತಂದು ಕೊಡುವ ಪದ್ಧತಿಯುಂಟು. ಉತ್ತರ ಭಾರತದಲ್ಲಿ ದೀಪಾವಳಿಗೆ ಸಕ್ಕರೆಯ ಆನೆ ಕುದುರೆಗಳು ಮಾರಾಟವಾಗುತ್ತವೆ. ಭೂಮಿಯ ಇನ್ನೊಂದು ಬದಿಯಲ್ಲಿರುವ ಮೆಕ್ಸಿಕೋ ದೇಶದಲ್ಲಿ, ಗತಿಸಿದವರನ್ನು ನೆನೆಯುವ ನವೆಂಬರ್ ತಿಂಗಳ ಹಬ್ಬಕ್ಕೆ ಸಕ್ಕರೆಯ ತಲೆಬುರುಡೆಗಳನ್ನೂ ಪ್ರಾಣಿಗಳನ್ನೂ ಮಾಡುತ್ತಾರೆ. ಆ ಕಲೆಗೆ ಅಲ್ಲಿ ‘ಅಲ್ಫೆನ್ಯೀಕೆ’ ಎಂದು ಹೆಸರು. ಈ ಪದದ ಬೇರನ್ನು ಹುಡುಕುತ್ತ ಹೋದರೆ ಸ್ಪೇನಿನ ಭಾಷೆಯಿಂದ ಅರಬ್ಬಿಗೆ, ಅರಬ್ಬಿಯಿಂದ ಪಾರಸಿಗೆ, ಅಲ್ಲಿಂದ ಸಂಸ್ಕೃತದ ‘ಫಾಣಿತ’ಕ್ಕೆ ಬಂದು ಮುಟ್ಟುತ್ತೇವೆ. ಫಾಣಿತವೆಂದರೆ ಕಾಯಿಸಿ ಗಟ್ಟಿಮಾಡಿದ ಕಬ್ಬಿನ ಹಾಲು. ಇಂಗ್ಲಿಷಿನ ‘ಶುಗರ್’ ಎಂಬುದೂ ನಮ್ಮ ‘ಸಕ್ಕರೆ’ಯೂ ‘ಶರ್ಕರಾ’ ಎಂಬ ಒಂದೇ ಪದದಿಂದ ಬಂದವು. ಶರ್ಕರಾ ಎಂದರೆ ಮೊದಲಿಗೆ ಮರಳು, ಜಲ್ಲಿಕಲ್ಲು ಎಂದೇ ಅರ್ಥ; ಹರಳುಗಟ್ಟಿದ ಸಿಹಿಯನ್ನು ಕಂಡ ಹಿಂದಿನವರಿಗೆ ಅದು ಮರಳಿನಂತೆಯೇ ಕಾಣಿಸಿರಬೇಕು.

ಪಾಶ್ಚಾತ್ಯ ದೇಶಗಳಲ್ಲಿ ಹಬ್ಬದ ಉಡುಗೊರೆಯಾಗಿ ಗಾಜಿನ ಹಕ್ಕಿಗಳನ್ನು ಕೊಡುವುದುಂಟು. ಅವೂ ಮರಳಿನ ಮಕ್ಕಳೇ. ಮರಳಿಗೆ ಸೋಡ, ಸುಣ್ಣಗಳನ್ನು ಸೇರಿಸಿ ಕರಗಿಸಿದಾಗ ಗಾಜು ಆಗುತ್ತದೆ. ಹಕ್ಕಿ ಮಾಡುವವರು ಬಣ್ಣದ ಗಾಜಿನ ಹಾಳೆಯಿಂದ ರೆಕ್ಕೆ, ಒಡಲು, ಕೊಕ್ಕುಗಳ ಆಕಾರದ ತುಂಡುಗಳನ್ನು ಕತ್ತರಿಸಿ, ಒಂದರ ಮೇಲೊಂದನ್ನು ಜೋಡಿಸಿ ಕುಲುಮೆಯೊಳಗೆ ಇಡುತ್ತಾರೆ. ಸುಮಾರು 750ರಿಂದ 800 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅವುಗಳ ಅಂಚುಗಳು ಮೆತ್ತಗಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಗಂಟೆಗಟ್ಟಲೆ ನಿಧಾನವಾಗಿ ಆರಲು ಬಿಡಬೇಕು. ಅವಸರಪಟ್ಟರೆ ಒಳಗಿನ ಬಿಗಿತದಿಂದ ಹಕ್ಕಿ ಸೀಳಿಹೋಗುತ್ತದೆ. ಹೀಗೆ ಹುಟ್ಟಿದ ಹಕ್ಕಿಯನ್ನು ದಾರದಿಂದ ಕಿಟಕಿಗೆ ತೂಗಿಬಿಟ್ಟರೆ ಬಿಸಿಲು ಅದರ ಮೂಲಕ ಹಾಯ್ದು ಗೋಡೆಯ ಮೇಲೆ ಬಣ್ಣ ಚೆಲ್ಲುತ್ತದೆ. ಗಾಜು ಕನ್ನಡದ ಮನೆಗಳಿಗೂ ಉಡುಗೊರೆಯಾಗಿ ಪರಿಚಿತವೇ. ಬಾಗಿನದ ಮೊರದಲ್ಲಿ ಗಾಜಿನ ಬಳೆ ಇಲ್ಲದಿರುವುದು ವಿರಳ. ಆದರೆ ಹಕ್ಕಿಯ ವಿಷಯಕ್ಕೆ ಬಂದಾಗ ಮಂಡ್ಯದವರು ಗಾಜಿನ ಕುಲುಮೆಯನ್ನು ಹುಡುಕಿಕೊಂಡು ಹೋಗಲಿಲ್ಲ. ಅವರ ಬಳಿ ಸಕ್ಕರೆಯಿತ್ತು.

ಆ ಸಕ್ಕರೆ ಬಂದ ಬಗೆಯೂ ತಿಳಿಯತಕ್ಕದ್ದು. ಕನ್ನಂಬಾಡಿಯ ಬಳಿ ಕಾವೇರಿಗೆ ಕಟ್ಟೆ ಕಟ್ಟುವ ಕೆಲಸ 1911ರಲ್ಲಿ ಮೊದಲಾಗಿ, 1930ರ ದಶಕದ ಆರಂಭದಲ್ಲಿ ಮುಗಿಯಿತು. ಅಲ್ಲಿಂದ ಹೊರಟ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಮಳೆಯನ್ನೇ ನಂಬಿ ರಾಗಿ ಹುರುಳಿ ಬೆಳೆಯುತ್ತಿದ್ದ ಬಯಲಿಗೆ ನೀರು ತಂದಿತು. ನೀರು ಬಂದ ನೆಲದಲ್ಲಿ ಕಬ್ಬು ಎದ್ದಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮಂಡ್ಯವು ಪ್ರತ್ಯೇಕ ಜಿಲ್ಲೆಯಾದುದು ಅದಕ್ಕೂ ಈಚೆಗೆ, 1939ರಲ್ಲಿ. ಕೆಲವು ವರ್ಷ ನಿಂತುಹೋಗಿದ್ದ ಆ ಕಾರ್ಖಾನೆ 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ಮದ್ದೂರು ತಾಲ್ಲೂಕಿನ ಕೊಪ್ಪ ಮತ್ತು ಭಾರತೀನಗರಗಳಲ್ಲಿ ಬೇರೆ ಕಾರ್ಖಾನೆಗಳಿವೆ. ಕಬ್ಬು ಕೊಯ್ಲಿಗೆ ಬರಲು ಸುಮಾರು ಒಂದು ವರ್ಷ ಬೇಕು. ನೂರು ಕಿಲೋಗ್ರಾಂ ಕಬ್ಬನ್ನು ಅರೆದರೆ ದೊರೆಯುವ ಸಕ್ಕರೆ ಒಂಬತ್ತು ಹತ್ತು ಕಿಲೋಗ್ರಾಮಿನಷ್ಟು ಮಾತ್ರ. ಮೂವತ್ತು ಗ್ರಾಂ ತೂಗುವ ಒಂದು ಪುಟ್ಟ ಗಿಳಿಯ ಹಿಂದೆ ಮುನ್ನೂರು ಗ್ರಾಮಿಗೂ ಹೆಚ್ಚು ಕಬ್ಬು, ಒಬ್ಬ ರೈತನ ಒಂದು ವರ್ಷದ ಕಾಯುವಿಕೆಯ ಒಂದಂಶ ಇದೆ. ಕಬ್ಬಿನ ಬಾಕಿ ಹಣ ಕೈಸೇರಲಿಲ್ಲವೆಂದು ಇದೇ ಜಿಲ್ಲೆಯ ರೈತರು ರಸ್ತೆಗಿಳಿದ ವರ್ಷಗಳೂ ಉಂಟು. ಸಿಹಿಯನ್ನು ಬೆಳೆಯುವವರ ಬದುಕು ಸದಾ ಸಿಹಿಯಾಗಿಯೇ ಇರುವುದಿಲ್ಲ.

ಅಚ್ಚಿನಲ್ಲಿ ಪಾಕ ಹೊಯ್ಯುವ ವಿದ್ಯೆಯೂ ಈ ಸೀಮೆಗೆ ಹೊಸದಲ್ಲ. ಮಂಡ್ಯದಿಂದ ಮಳವಳ್ಳಿಯ ಕಡೆಗಾಗಲಿ ಮದ್ದೂರಿನ ಕಡೆಗಾಗಲಿ ಹೊರಟರೆ ಗದ್ದೆಗಳ ನಡುವೆ ಹೊಗೆಯಾಡುವ ಆಲೆಮನೆಗಳು ಕಾಣುತ್ತವೆ. ಗಾಣದಲ್ಲಿ ಹಿಂಡಿದ ಹಾಲನ್ನು ದೊಡ್ಡ ಕೊಪ್ಪರಿಗೆಯಲ್ಲಿ ಕುದಿಸಿ, ಮೇಲೆದ್ದ ಕೊಳೆಯನ್ನು ತೆಗೆದು, ಹದ ಬಂದ ಪಾಕವನ್ನು ಮರದ ಹಲಗೆಯ ಗುಳಿಗಳಿಗೆ ಸುರಿದರೆ ಅಚ್ಚುಬೆಲ್ಲವಾಗುತ್ತದೆ. ಆಲೆಮನೆಯಲ್ಲಿ ಗಂಡಸರು ಕೊಪ್ಪರಿಗೆಗಟ್ಟಲೆ ಮಾಡುವ ಕೆಲಸವನ್ನೇ ಮನೆಯ ಹೆಂಗಸರು ಒಂದು ಬಾಣಲೆಯಲ್ಲಿ, ಇನ್ನೂ ಸೂಕ್ಷ್ಮವಾಗಿ ಮಾಡುತ್ತಾರೆ ಎನ್ನಬಹುದು.

ಕೆಲಸ ಮೊದಲಾಗುವುದು ನೀರಿನಿಂದ. ಮರದ ಅಚ್ಚಿಗೆ ಎರಡು ಹೋಳುಗಳು, ಕೆಲವಕ್ಕೆ ಇನ್ನೂ ಹೆಚ್ಚು. ಹೋಳುಗಳ ಒಳಮೈಯಲ್ಲಿ ಅರ್ಧರ್ಧ ಗಿಳಿಯನ್ನು ತಗ್ಗಾಗಿ ಕೆತ್ತಿರುತ್ತಾರೆ. ಉಬ್ಬಾಗಿ ಕಾಣಬೇಕಾದುದನ್ನು ತಗ್ಗಾಗಿಯೂ, ಎಡಕ್ಕೆ ಬರಬೇಕಾದುದನ್ನು ಬಲಕ್ಕೂ ಕೆತ್ತಬೇಕಾದುದರಿಂದ ಬಡಗಿಯು ಗಿಳಿಯನ್ನು ಒಳಗಿನಿಂದ ನೋಡಬಲ್ಲವನಾಗಿರಬೇಕು. ಈ ಅಚ್ಚುಗಳನ್ನು ಮುಂಚಿತವಾಗಿ ನೀರಿನಲ್ಲಿ ನೆನೆಹಾಕುತ್ತಾರೆ. ಮರದ ರಂಧ್ರಗಳು ನೀರು ಕುಡಿದಿದ್ದರೆ ಪಾಕ ಅವುಗಳೊಳಗೆ ಇಳಿಯುವುದಿಲ್ಲ, ಅಚ್ಚಿಗೆ ಅಂಟುವುದೂ ಇಲ್ಲ. ಹೊಯ್ಯುವ ಮುನ್ನ ನೀರನ್ನು ಕೊಡವಿ, ಹೋಳುಗಳನ್ನು ಸೇರಿಸಿ, ದಾರದಿಂದಲೋ ರಬ್ಬರಿನ ಪಟ್ಟಿಯಿಂದಲೋ ಬಿಗಿದು, ಬುಡದ ರಂಧ್ರ ಮೇಲೆ ಬರುವಂತೆ ತಲೆಕೆಳಗಾಗಿ ನಿಲ್ಲಿಸುತ್ತಾರೆ.

ಇತ್ತ ಸಕ್ಕರೆಗೆ ನೀರು ಹಾಕಿ ಒಲೆಯ ಮೇಲೆ ಇಟ್ಟಾಗ, ಕುದಿಯುವ ಪಾಕಕ್ಕೆ ಒಂದೆರಡು ಚಮಚ ಹಾಲು ಬಿಡುತ್ತಾರೆ. ರುಚಿಗಾಗಿ ಅಲ್ಲ. ಹಾಲಿನ ಪ್ರೋಟೀನು ಕಾವಿಗೆ ಹೆಪ್ಪುಗಟ್ಟುವಾಗ ಸಕ್ಕರೆಯಲ್ಲಿದ್ದ ಕಸವನ್ನು ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ತೆಳುಬಟ್ಟೆಯಲ್ಲಿ ಶೋಧಿಸಿದರೆ ಪಾಕ ತಿಳಿಯಾಗುತ್ತದೆ. ಅಚ್ಚಿನ ಬಿಳುಪು ನಿರ್ಣಯವಾಗುವುದು ಇಲ್ಲಿಯೇ. ಬಳಿಕ ಪಾಕವನ್ನು ಒಟ್ಟಿಗೆ ಕಾಯಿಸದೆ, ಎರಡು ಮೂರು ಅಚ್ಚಿಗೆ ಸಾಲುವಷ್ಟನ್ನು ಮಾತ್ರ ಸಣ್ಣ ಪಾತ್ರೆಗೆ ತೆಗೆದುಕೊಂಡು ಕುದಿಸುತ್ತಾರೆ. ಎಳೆ ಬರುವ ಹದ ಕಂಡೊಡನೆ ಒಲೆಯಿಂದ ಇಳಿಸಿ, ಸೌಟಿನ ಬೆನ್ನಿನಿಂದ ಬಿರುಸಾಗಿ ತಿರುವುತ್ತಾರೆ. ಕನ್ನಡಿಯಂತಿದ್ದ ಪಾಕ ನೋಡನೋಡುತ್ತಿದ್ದಂತೆ ಮಬ್ಬಾಗಿ, ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆ ಕ್ಷಣವೇ ಹೊಯ್ಯಬೇಕು. ಕೊಂಚ ಮುಂಚೆಯಾದರೆ ಗಿಳಿ ಗಟ್ಟಿಯಾಗದೆ ಅಂಟಾಗಿ ಉಳಿಯುತ್ತದೆ. ಕೊಂಚ ತಡವಾದರೆ ಪಾಕ ಸೌಟಿನಲ್ಲೇ ಕಲ್ಲಾಗುತ್ತದೆ. ಈ ಎರಡರ ನಡುವೆ ಇರುವುದು ಅರೆನಿಮಿಷವೂ ಇಲ್ಲ. ಗಡಿಯಾರವಾಗಲಿ ಉಷ್ಣಮಾಪಕವಾಗಲಿ ಅಡುಗೆಮನೆಯಲ್ಲಿ ಇರುವುದಿಲ್ಲ. ಕಣ್ಣು ಮತ್ತು ಮಣಿಕಟ್ಟು ಹೇಳಿದ್ದೇ ಅಲ್ಲಿ ಪ್ರಮಾಣ.

ಪಾಕ ಹೀಗೆ ಹಠಾತ್ತನೆ ಬಣ್ಣ ಬದಲಿಸುವುದೇಕೆ? 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೂರು ಗ್ರಾಂ ನೀರಿನಲ್ಲಿ ಸುಮಾರು 200 ಗ್ರಾಂ ಸಕ್ಕರೆ ಕರಗಬಲ್ಲದು. ನೀರು ಕುದಿಯುವ ಮಟ್ಟ ಮುಟ್ಟಿದಾಗ ಅಷ್ಟೇ ನೀರು ಸುಮಾರು 480 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಪಾಕ ಆರತೊಡಗಿದಾಗ ಈ ಹೆಚ್ಚಿನ ಸಕ್ಕರೆಯನ್ನು ಹೊತ್ತಿರಲು ನೀರಿಗೆ ಶಕ್ತಿ ಸಾಲದು. ಆದರೂ ಅಲುಗಾಡಿಸದೆ ಬಿಟ್ಟರೆ ಸ್ವಲ್ಪ ಕಾಲ ಹಾಗೆಯೇ ಹೊತ್ತಿರುತ್ತದೆ. ಇಂಥ ಸ್ಥಿತಿಯ ದ್ರವಕ್ಕೆ ಅತಿಸಂತೃಪ್ತ ದ್ರಾವಣವೆಂದು ಹೆಸರು. ಜನಸಂದಣಿಯಲ್ಲಿ ಒಬ್ಬ ಕುಳಿತನೆಂದರೆ ಎಲ್ಲರೂ ಕುಳಿತುಕೊಳ್ಳುವಂತೆ, ಇಲ್ಲಿ ಕೆಲವು ಅಣುಗಳು ಕ್ರಮವಾಗಿ ಜೋಡಿಸಿಕೊಂಡು ಹರಳಿನ ಬೀಜವಾದರೆ ಸಾಕು, ಉಳಿದವು ಅದಕ್ಕೆ ಬಂದು ಸೇರತೊಡಗುತ್ತವೆ. ಸೌಟಿನಿಂದ ತಿರುವಿದಾಗ ಇಂಥ ಬೀಜಗಳು ಏಕಕಾಲಕ್ಕೆ ಲೆಕ್ಕವಿಲ್ಲದಷ್ಟು ಹುಟ್ಟುತ್ತವೆ. ಬೀಜಗಳು ಹೆಚ್ಚಾದಷ್ಟೂ ಒಂದೊಂದು ಹರಳಿಗೆ ದೊರೆಯುವ ಪಾಲು ಕಡಿಮೆ; ಆದುದರಿಂದ ಹರಳುಗಳೆಲ್ಲ ಸಣ್ಣವಾಗಿಯೇ ಉಳಿಯುತ್ತವೆ. ಗಿಳಿಯ ಮೈ ನುಣ್ಣಗಿರುವುದಕ್ಕೆ ಕಾರಣ ಇದು. ಆ ಅಸಂಖ್ಯ ಹರಳುಗಳ ಮುಖಗಳಿಗೆ ತಾಗಿದ ಬೆಳಕು ನೇರವಾಗಿ ಹಾಯದೆ ಎಲ್ಲ ಕಡೆಗೂ ಚೆದರುವುದರಿಂದ ಗಿಳಿ ಬೆಳ್ಳಗೆ ಕಾಣುತ್ತದೆ. ತಿರುವುವುದನ್ನು ಬಿಟ್ಟು ಸಂತೃಪ್ತ ಪಾಕದಲ್ಲಿ ದಾರ ಇಳಿಬಿಟ್ಟು ದಿನಗಟ್ಟಲೆ ಕಾದರೆ, ಕೆಲವೇ ಹರಳುಗಳು ದೊಡ್ಡದಾಗಿ ಬೆಳೆಯುತ್ತವೆ. ಅದೇ ಕಲ್ಲುಸಕ್ಕರೆ.

ಇದೇ ಪಾಕಕ್ಕೆ ಮೂರನೆಯ ದಾರಿಯೊಂದಿದೆ. ಕಲಕದೆ ಸುಮಾರು 150 ಡಿಗ್ರಿಯವರೆಗೆ ಕಾಯಿಸಿ, ನೀರನ್ನು ಬಹುಮಟ್ಟಿಗೆ ಹೊರದೂಡಿ, ಬೇಗನೆ ತಣಿಸಿದರೆ ಅಣುಗಳಿಗೆ ಸಾಲಾಗಿ ನಿಲ್ಲುವ ಸಮಯವೇ ಸಿಕ್ಕುವುದಿಲ್ಲ. ಅವು ಎಲ್ಲಿದ್ದವೋ ಅಲ್ಲಿಯೇ ಸೆಟೆದು ನಿಲ್ಲುತ್ತವೆ. ಆಗ ದೊರೆಯುವುದು ಗಾಜು. ಗಾಜಿನಂತೆ ಕಾಣುವ ವಸ್ತುವಲ್ಲ, ವಿಜ್ಞಾನಿಗಳ ಅರ್ಥದಲ್ಲಿಯೇ ಗಾಜು. ಹರಳುಕಟ್ಟಿಲ್ಲದೆ ಘನವಾದ ಪದಾರ್ಥ. ಮಕ್ಕಳು ಚೀಪುವ ಪಾರದರ್ಶಕವಾದ ಕಡ್ಡಿ ಮಿಠಾಯಿ ಇಂಥದು. ಹಿಂದೆ ಚಲನಚಿತ್ರಗಳಲ್ಲಿ ನಾಯಕನು ಕಿಟಕಿ ಒಡೆದು ಹಾರುವ ದೃಶ್ಯಕ್ಕೆ ಸಕ್ಕರೆಯ ಗಾಜನ್ನೇ ಬಳಸುತ್ತಿದ್ದರು. ಪಾಕಕ್ಕೆ ನಿಂಬೆಯ ಹುಳಿ ಹೆಚ್ಚಾಗಿ ಬಿದ್ದರೂ ಹರಳು ಕಟ್ಟುವುದಿಲ್ಲ. ಹುಳಿಯು ಸಕ್ಕರೆಯ ಅಣುವನ್ನು ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಬೇರೆ ಸಕ್ಕರೆಗಳನ್ನಾಗಿ ಮಾಡುತ್ತದೆ, ಅವು ಸಾಲಿನ ನಡುವೆ ನುಗ್ಗಿ ಕ್ರಮವನ್ನು ಕೆಡಿಸುತ್ತವೆ. ಒಟ್ಟಿನಲ್ಲಿ ಗಾಜಿನ ಹಕ್ಕಿಯನ್ನು ಮಾಡುವವನು ಹರಳು ಹುಟ್ಟದಂತೆ ನೋಡಿಕೊಳ್ಳಬೇಕು. ಸಕ್ಕರೆಯ ಹಕ್ಕಿಯನ್ನು ಮಾಡುವವಳು ಹರಳು ಹುಟ್ಟುವಂತೆ ನೋಡಿಕೊಳ್ಳಬೇಕು. ಸಕ್ಕರೆಯನ್ನು ಗಾಜಾಗಿಸಿ ಹಕ್ಕಿ ಮಾಡಿದರೆ ನೋಟಕ್ಕೆ ಸೊಗಸು, ಆದರೆ ಗಾಳಿಯ ತೇವವನ್ನು ಹೀರಿ ಬೇಗನೆ ಅಂಟಂಟಾಗುತ್ತದೆ. ಎಳ್ಳಿನ ಮೇಲೆ ಕೂರಿಸಿ ಹತ್ತು ಮನೆ ಸುತ್ತಿಸಲು ಹರಳಿನ ಹಕ್ಕಿಯೇ ತಕ್ಕದ್ದು.

ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಯ ಸಮೀಪ, ಕೊಕ್ಕರೆ ಬೆಳ್ಳೂರು ಎಂಬ ಗ್ರಾಮವಿದೆ. ಸಂಕ್ರಾಂತಿಯ ಹೊತ್ತಿಗೆ ಈ ಊರಿನ ಹುಣಿಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡು ಕಟ್ಟುವ ಸಡಗರದಲ್ಲಿರುತ್ತವೆ. ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ಊರಿನ ವಿಷಯವನ್ನು ಹೊರಜಗತ್ತಿಗೆ ತಿಳಿಸಿದರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳೆಂದೇ ಊರವರು ಈ ಹಕ್ಕಿಗಳನ್ನು ಕಾಣುತ್ತಾರೆ. ಇಷ್ಟು ಹತ್ತಿರದಲ್ಲಿ ಇಂಥ ಹಕ್ಕಿಗಳಿದ್ದರೂ ಪೇಟೆಯ ತಟ್ಟೆಗಳಲ್ಲಿ ಕಾಣುವುದು ಗಿಳಿ, ನವಿಲು, ಹಂಸಗಳೇ. ಪುರಾಣ ಮತ್ತು ಕಾವ್ಯಗಳ ಒಲವು ಅವುಗಳ ಕಡೆಗಿರುವುದು ಒಂದು ಕಾರಣವಿರಬಹುದು. ಇನ್ನೊಂದು ಕಾರಣ ಸಕ್ಕರೆಯ ಸ್ವಭಾವದಲ್ಲಿಯೇ ಇದೆ. ಅಚ್ಚಿನ ಸಕ್ಕರೆ ಗಟ್ಟಿಯಾದುದು, ಆದರೆ ಬಾಗುವುದಿಲ್ಲ. ಕೊಕ್ಕರೆಯ ಕಾಲಿನಷ್ಟು ಸಣ್ಣ ಭಾಗವೇನಾದರೂ ಇದ್ದರೆ ಹೋಳುಗಳನ್ನು ಬಿಡಿಸುವಾಗಲೇ ಮುರಿಯುತ್ತದೆ. ಗಿಳಿಯ ಒಡಲು ದುಂಡು, ಕೊಕ್ಕು ಎದೆಗೆ ಬಾಗಿದ್ದು, ಬಾಲ ಕೆಳಗೆ ಒತ್ತಿಕೊಂಡಿದ್ದು. ಮುರಿಯುವುದಕ್ಕೆ ಹೊರಚಾಚಿದ ಅಂಗವೇ ಇಲ್ಲ. ಅಚ್ಚು ಕೆತ್ತಿದವರು ಹಕ್ಕಿಯನ್ನೂ ಬಲ್ಲವರು, ಸಕ್ಕರೆಯನ್ನೂ ಬಲ್ಲವರು.

ಹೊಯ್ದ ಐದು ಹತ್ತು ನಿಮಿಷಗಳಲ್ಲಿ ಅಚ್ಚು ಬಿಡಿಸಬಹುದು. ಮೊದಲ ಹೋಳನ್ನು ಎತ್ತುವಾಗ ಅಡುಗೆಮನೆಯಲ್ಲಿ ಮಾತು ನಿಲ್ಲುತ್ತದೆ. ತುಂಡಾದುದನ್ನು ಮಕ್ಕಳಿಗೆ ಕೊಡುವುದು ನಿಯಮವಾದುದರಿಂದ, ಸುತ್ತ ಕುಳಿತ ಮಕ್ಕಳು ಹಂಸದ ಕೊರಳು ಉಳಿಯಲಿ ಎಂದು ಹಾರೈಸುವರೆಂದು ನಂಬುವಂತಿಲ್ಲ! ಮುರಿದದ್ದು ನಷ್ಟವೂ ಅಲ್ಲ. ನೀರು ಸೇರಿಸಿ ಕರಗಿಸಿದರೆ ಅದು ಮತ್ತೆ ಪಾಕವಾಗುತ್ತದೆ. ಕುದಿದು ಕುದಿದು ಬಣ್ಣ ಮಾತ್ರ ಸ್ವಲ್ಪ ಕಂದುತ್ತದೆ.

ಈಗ ಅನೇಕ ಮನೆಗಳಲ್ಲಿ ಅಚ್ಚು ಹೊಯ್ಯುವ ಕೆಲಸ ನಿಂತಿದೆ. ಅಂಗಡಿಯಲ್ಲಿ ಪೊಟ್ಟಣಕ್ಕೆ ಇಷ್ಟೆಂದು ಕೊಂಡು, ಬಿಡಿಸಿ ತಟ್ಟೆಗೆ ಹಾಕುವುದು ಸುಲಭ. ಇದನ್ನು ಹಳಿಯುವುದರಲ್ಲಿ ಅರ್ಥವಿಲ್ಲ. ಹೊರಗೆ ದುಡಿಯುವ ಹೆಂಗಸಿಗೆ ಪುಷ್ಯಮಾಸದ ಬಿಡುವನ್ನು ಯಾರು ಕೊಡುತ್ತಾರೆ? ಆ ಪೊಟ್ಟಣಗಳ ಹಕ್ಕಿಗಳನ್ನೂ ಯಾವುದೋ ಮನೆಯಲ್ಲಿ ಯಾರೋ ಕೈಯಿಂದಲೇ ಹೊಯ್ದಿರುವುದುಂಟು. ಸಂಕ್ರಾಂತಿಗೆ ಒಂದೆರಡು ತಿಂಗಳು ಮೊದಲೇ ಒಲೆ ಹಚ್ಚಿ, ಅದರಿಂದ ಒಂದಿಷ್ಟು ಸಂಪಾದಿಸುವ ಕುಟುಂಬಗಳಿವೆ. ಆದರೂ ಒಂದು ವ್ಯತ್ಯಾಸ ತಲೆದೋರಿದೆ. ಎಲ್ಲರೂ ಒಂದೇ ಅಂಗಡಿಯಿಂದ ಕೊಂಡಾಗ, ಕೊಟ್ಟ ಗಿಳಿಯೂ ಮರಳಿ ಬಂದ ಗಿಳಿಯೂ ಒಂದೇ ಅಚ್ಚಿನವಾಗಿರುತ್ತವೆ. ಆಗ ಲೆಕ್ಕ ಬಲ್ಲವನ ನಗೆಗೆ ಉತ್ತರ ಹೇಳುವುದು ಕಷ್ಟ. ಪಾಕ ಮಬ್ಬಾಗುವ ಆ ಅರೆನಿಮಿಷವನ್ನು ಗುರುತಿಸುವ ಕಣ್ಣು ಪುಸ್ತಕದಿಂದ ಬರುವುದಿಲ್ಲ. ಅಜ್ಜಿಯ ಪಕ್ಕದಲ್ಲಿ ಕುಳಿತು, ಎರಡು ಮೂರು ಬಾರಿ ಸೌಟಿನಲ್ಲಿ ಕಲ್ಲು ಮಾಡಿಕೊಂಡ ಮೇಲೆಯೇ ಅದು ಬರುವುದು. ಒಂದು ತಲೆಮಾರು ಕುಳಿತುಕೊಳ್ಳದಿದ್ದರೆ ಮುಂದಿನ ತಲೆಮಾರಿಗೆ ಮರದ ಅಚ್ಚು ಉಳಿಯುತ್ತದೆ, ಹದ ಉಳಿಯುವುದಿಲ್ಲ.

ಹಬ್ಬ ಕಳೆದ ಮೇಲೆ ಅಚ್ಚುಗಳನ್ನು ಬಿಸಿನೀರಿನಲ್ಲಿ ತೊಳೆದು, ಗರಿಯ ಗೆರೆಗಳಲ್ಲಿ ಸಕ್ಕರೆ ನಿಲ್ಲದಂತೆ ಉಜ್ಜಿ, ನೆರಳಿನಲ್ಲಿ ಒಣಗಿಸುತ್ತಾರೆ. ಬಿಸಿಲಿಗಿಟ್ಟರೆ ಮರ ಸೀಳುತ್ತದೆ. ಹೋಳುಗಳು ಅದಲುಬದಲಾಗದಂತೆ ಜೋಡಿಜೋಡಿಯಾಗಿ ಕಟ್ಟಿ, ಹಳೆಯ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೇರಿಸುತ್ತಾರೆ. ನೆರೆಮನೆಗಳಿಂದ ಬಂದ ಹಕ್ಕಿಗಳಲ್ಲಿ ಚೆಲುವಾದ ಒಂದೆರಡು ಕೆಲವು ದಿನ ಗೂಡಿನಲ್ಲಿ ಕುಳಿತಿರುತ್ತವೆ. ಇರುವೆ ಕಾಣಿಸಿಕೊಂಡ ದಿನ ಅವೂ ಕುಟ್ಟಾಣಿಗೆ ಬಿದ್ದು, ಪುಡಿಯಾಗಿ, ಮನೆಯವರ ಬೆಳಗಿನ ಕಾಫಿಗೆ ಸೇರುತ್ತವೆ.